ಕಾರ್ಡಿನ ಸಾಲ ಮತ್ತು ಕಷ್ಟದ ದಿನಗಳು

‘ಬಡ್ಡಿ’ ಎಂಬುದು ಅಚ್ಚಗನ್ನಡದ ಮಾತೆಂದು ನಮ್ಮಲ್ಲಿ ಅನೇಕರು ಬಗೆದಿರುವುದುಂಟು. ವಾಸ್ತವವಾಗಿ ಅದು ಸಂಸ್ಕೃತದ ‘ವೃದ್ಧಿ’ ಶಬ್ದದ ತದ್ಭವ. ವೃದ್ಧಿಯು ಪ್ರಾಕೃತದಲ್ಲಿ ವಡ್ಢಿಯಾಗಿ, ನಮ್ಮ ನಾಲಗೆಯ ಮೇಲೆ ಬಡ್ಡಿಯಾಯಿತು. ಹೆಸರಿಗೆ ತಕ್ಕಂತೆ ಬೆಳೆಯುವುದೇ ಅದರ ಸ್ವಭಾವ. ಗಿಡ ಬೆಳೆಯಬೇಕಾದರೆ ನೀರೆರೆಯಬೇಕು, ಮಗು ಬೆಳೆಯಬೇಕಾದರೆ ಹಾಲು ಕುಡಿಸಬೇಕು. ಬಡ್ಡಿ ಬೆಳೆಯುವುದಕ್ಕೆ ನಾವು ಸುಮ್ಮನಿದ್ದರೆ ಸಾಕು. ಸಾಲದ ವಿಷಯವಾಗಿ ಸರ್ವಜ್ಞನು ಹೇಳಿದ ತ್ರಿಪದಿ ನಿಮಗೆಲ್ಲ ಬಾಯಿಪಾಠವಾಗಿದೆ. ಆದಕಾರಣ ಅದನ್ನು ಇಲ್ಲಿ ಬರೆಯಲು ಹೋಗುವುದಿಲ್ಲ. ಸಾಲ ಮಾಡಬೇಡಿರೆಂದು ಉಪದೇಶಿಸುವುದೂ ಈ ಲೇಖನದ ಉದ್ದೇಶವಲ್ಲ. ಸಾಲ ಈಗಾಗಲೇ ಆಗಿಹೋಗಿದೆ, ಸಂಪಾದನೆ ಕುಂದಿದೆ, ಮುಂದೇನು ಎಂದು ಕುಳಿತವರಿಗೆ ಮಾತ್ರ ನನ್ನ ಮಾತು.

ನಮ್ಮ ಹಿರಿಯರ ಕಾಲದಲ್ಲಿ ಕಿರಾಣಿ ಅಂಗಡಿಯಲ್ಲಿ ಉದ್ದರಿ ಲೆಕ್ಕವಿರುತ್ತಿತ್ತು. ಅಂಗಡಿಯವನು ಉದ್ದನೆಯ ಕೆಂಪು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಸಂಬಳದ ದಿನ ಲೆಕ್ಕ ಚುಕ್ತಾ ಆಗುತ್ತಿತ್ತು. ಒಂದು ತಿಂಗಳು ತಪ್ಪಿದರೆ ಆತ ಮುಖ ಗಂಟಿಕ್ಕುತ್ತಿದ್ದ, ಎರಡು ತಿಂಗಳು ತಪ್ಪಿದರೆ ಸಾಮಾನು ನಿಲ್ಲಿಸುತ್ತಿದ್ದ. ಆ ಮುಖವೇ ನಮಗೊಂದು ಎಚ್ಚರಿಕೆಯಾಗಿತ್ತು. 1950ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಊಟದ ಲೆಕ್ಕಕ್ಕೆಂದು ಡೈನರ್ಸ್ ಕ್ಲಬ್ಬಿನವರು ಹೊರಡಿಸಿದ ಚೀಟಿಯಿಂದ ಬೆಳೆದು, 1980ರಲ್ಲಿ ಸೆಂಟ್ರಲ್ ಬ್ಯಾಂಕಿನ ಮೂಲಕ ನಮ್ಮ ದೇಶಕ್ಕೂ ಬಂದ ಕ್ರೆಡಿಟ್ ಕಾರ್ಡೂ ಒಂದು ಬಗೆಯ ಉದ್ದರಿಯೇ. ಆದರೆ ಈ ಅಂಗಡಿಯವನಿಗೆ ಮುಖವಿಲ್ಲ. ನೀವು ತಪ್ಪಿದಷ್ಟೂ ಅವನು ಒಳಗೊಳಗೇ ಲೆಕ್ಕ ಬರೆಯುತ್ತಾನೆ.

ಈ ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ಮೊದಲು ತಿಳಿಯಬೇಕು. ತಿಂಗಳ ಲೆಕ್ಕಪಟ್ಟಿ ಬರುತ್ತದೆ. ಅದರಲ್ಲಿ ಎರಡು ಅಂಕಿಗಳಿರುತ್ತವೆ: ಒಂದು ಪೂರ್ಣ ಬಾಕಿ, ಇನ್ನೊಂದು ಕನಿಷ್ಠ ಬಾಕಿ. ಪೂರ್ಣ ಬಾಕಿಯನ್ನು ಗಡುವಿನೊಳಗೆ ತೀರಿಸುವವನಿಗೆ ಬಡ್ಡಿಯೇ ಇಲ್ಲ. ಕೊಂಡ ದಿನದಿಂದ ಗಡುವಿನ ದಿನದವರೆಗೆ ಕೆಲವು ಸಾರಿ ಐವತ್ತು ದಿನಗಳಷ್ಟು ಕಾಲ ಹಣ ಬಡ್ಡಿಯಿಲ್ಲದೆ ಅವನ ಕೈಯಲ್ಲಿರುತ್ತದೆ. ಆದರೆ ಕನಿಷ್ಠ ಬಾಕಿಯನ್ನಷ್ಟೇ ಕಟ್ಟಿದವನ ಪಾಡು ಬೇರೆ. ಉಳಿದ ಹಣಕ್ಕೆ ಬಡ್ಡಿ ಬೀಳುವುದು ಸಹಜ, ಅದು ಎಲ್ಲರಿಗೂ ತಿಳಿದದ್ದೇ. ತಿಳಿಯದ ಸಂಗತಿ ಇನ್ನೊಂದುಂಟು. ಬಾಕಿ ಪೂರ್ತಿ ತೀರುವ ತನಕ ಆಮೇಲೆ ಕೊಂಡ ಪ್ರತಿಯೊಂದು ವಸ್ತುವಿಗೂ, ಅದು ನಾಳೆ ಕೊಳ್ಳುವ ಒಂದು ಸೇರು ಅಕ್ಕಿಯೇ ಆಗಿರಲಿ, ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ. ಐವತ್ತು ದಿನಗಳ ಸೌಲಭ್ಯ ಅಲ್ಲಿಗೆ ರದ್ದಾದಂತೆ. ಯಂತ್ರದಲ್ಲಿ ಕಾರ್ಡು ತೂರಿಸಿ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಒಂದು ಶುಲ್ಕ ಬೇರೆ.

ಒಂದು ನಿಜ ಪ್ರಸಂಗವನ್ನು ಹೇಳಿದರೆ ವಿಷಯ ಸ್ಪಷ್ಟವಾದೀತು. ನಮ್ಮ ಊರಿನ ಖಾಸಗಿ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದ ತರುಣರೊಬ್ಬರು, ನನ್ನ ಹಳೆಯ ಶಿಷ್ಯರು, 2021ರ ಜನವರಿಯಲ್ಲಿ ಒಂದು ಸಂಜೆ ನಮ್ಮ ಮನೆಗೆ ಬಂದರು. ಬಂದವರು ವ್ಯಾಕರಣದ ಮಾತು, ಊರಿನ ಮಾತು ಎಲ್ಲವನ್ನೂ ಆಡಿ, ಹೊರಡುವಾಗ ಜಗಲಿಯ ಮೇಲೆ ನಿಂತು, “ಮೇಷ್ಟ್ರೇ, ಒಂದು ಲೆಕ್ಕ ನೋಡಿ ಕೊಡುತ್ತೀರಾ?” ಎಂದರು. ಹಿಂದಿನ ವರ್ಷ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದ ಮೇಲೆ ಅವರ ಸಂಬಳ ಮೊದಲು ಅರ್ಧವಾಗಿ, ಬಳಿಕ ನಿಂತೇಹೋಗಿತ್ತು. ಆಗ ಕಾರ್ಡಿನಲ್ಲಿ 41,000 ರೂಪಾಯಿ ಬಾಕಿ. ಆರು ತಿಂಗಳು ಕಟ್ಟದಿದ್ದರೂ ನಡೆಯುತ್ತದೆಂದು ಸಂದೇಶ ಬಂದಿತ್ತು. ಬಡ್ಡಿಯೂ ಇಲ್ಲವೆಂದು ಅವರು ತಿಳಿದರು. ರಿಸರ್ವ್ ಬ್ಯಾಂಕು ಆ ವರ್ಷ ಆಗಸ್ಟ್ 31ರವರೆಗೆ ಕೊಟ್ಟದ್ದು ಕಾಲಾವಕಾಶ ಮಾತ್ರ, ಮನ್ನಾ ಅಲ್ಲ. ಬಡ್ಡಿಯ ಮೇಲಿನ ಬಡ್ಡಿಯನ್ನು, ಎರಡು ಕೋಟಿಯೊಳಗಿನ ಸಾಲಗಾರರಿಗೆ, ಸರಕಾರ ನವೆಂಬರಿನಲ್ಲಿ ಹಿಂದಿರುಗಿಸಿತು, ನಿಜ. ಮೂಲ ಬಡ್ಡಿ ಹಾಗೆಯೇ ಉಳಿಯಿತು. ತಾಯಿಯ ಔಷಧದ ಖರ್ಚೂ ಸೇರಿ ಜನವರಿಯ ವೇಳೆಗೆ ಬಾಕಿ 60,000 ಮುಟ್ಟಿತ್ತು. ಹೆಂಡತಿಗೆ ಹೇಳಿಲ್ಲ, ತಂದೆಗೆ ಹೇಳಿಲ್ಲ. ಫೋನು ಬಾರಿಸಿದಾಗಲೆಲ್ಲ ಹಿತ್ತಿಲಿಗೆ ಹೋಗಿ ಮಾತಾಡುತ್ತಿದ್ದರಂತೆ.

ಮನೆಪಾಠದಿಂದ ತಿಂಗಳಿಗೆ ಮೂರು ಸಾವಿರದಷ್ಟು ಹೊಂದಿಸಿ ಕನಿಷ್ಠ ಬಾಕಿಯನ್ನು ತಪ್ಪದೆ ಕಟ್ಟುತ್ತಿದ್ದೇನೆ, ಆದರೂ ಸಾಲ ಕರಗುತ್ತಿಲ್ಲವೇಕೆ ಎಂಬುದು ಅವರ ಪ್ರಶ್ನೆ. ನಾನು ಹಾಳೆ ತೆಗೆದುಕೊಂಡೆ. ಲೆಕ್ಕದ ಮೇಷ್ಟರು ನಾನಲ್ಲ. ಆದರೂ ಇಷ್ಟು ಗುಣಾಕಾರ ಕನ್ನಡ ಪಂಡಿತನಿಗೂ ಬಂದೀತು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. 60,000ಕ್ಕೆ 2,100 ರೂಪಾಯಿ. ಈ ಬಡ್ಡಿಯ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ತೆರಿಗೆ 378 ರೂಪಾಯಿ. ಮನೆಸಾಲದ ಬಡ್ಡಿಗೆ, ಚಿನ್ನದ ಸಾಲದ ಬಡ್ಡಿಗೆ ಈ ತೆರಿಗೆ ಇಲ್ಲ. ಕಾರ್ಡಿನ ಬಡ್ಡಿಗೆ ಮಾತ್ರ ಉಂಟು. ಎರಡೂ ಸೇರಿ 2,478. ಪಟ್ಟಿಯಲ್ಲಿ ಬರುವ ಒಟ್ಟು ಬಾಕಿ 62,478. ಅದರ ನೂರಕ್ಕೆ ಐದರಂತೆ ಕನಿಷ್ಠ ಬಾಕಿ 3,124 ರೂಪಾಯಿ. (ಬ್ಯಾಂಕಿನಿಂದ ಬ್ಯಾಂಕಿಗೆ ಈ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸವಿರುತ್ತದೆ.) ಅಂದರೆ ಅವರು ಬೆವರು ಹರಿಸಿ ಕಟ್ಟಿದ 3,124ರಲ್ಲಿ ಅಸಲಿಗೆ ಸಂದದ್ದು 646 ರೂಪಾಯಿ ಮಾತ್ರ. ಕಾರ್ಡನ್ನು ಇನ್ನೊಮ್ಮೆ ಮುಟ್ಟದೆ ಹೀಗೆಯೇ ಒಂದು ವರ್ಷ ಕಟ್ಟಿದರೂ, ಕೈಯಿಂದ ಹೋಗುವುದು ಸುಮಾರು 35,300, ಸಾಲ ಇಳಿಯುವುದು ಸುಮಾರು 7,300. ವರ್ಷದ ಕೊನೆಗೆ ಇನ್ನೂ 52,700 ಉಳಿದಿರುತ್ತದೆ.

ಅದೇ ಸಾಲಕ್ಕೆ ತಿಂಗಳಿಗೆ 6,000ದಂತೆ ಬದಲಾಗದ ಮೊತ್ತವನ್ನು ಕಟ್ಟಿದರೆ ಹದಿನಾಲ್ಕನೆಯ ತಿಂಗಳಲ್ಲಿ ಸಾಲ ಮುಗಿಯುತ್ತದೆ. ಒಟ್ಟು ಕೊಟ್ಟದ್ದು 79,000ದ ಹತ್ತಿರ ಬರುತ್ತದೆ. ಕಟ್ಟುವ ಹಣ ಎರಡು ಪಾಲಾದರೆ ಅವಧಿ ಅರ್ಧವಾಗುವುದಲ್ಲ, ಅದಕ್ಕಿಂತಲೂ ಹೆಚ್ಚು ಕುಗ್ಗುತ್ತದೆ. ಕನಿಷ್ಠ ಬಾಕಿಯೆಂಬುದು ಸಾಲ ತೀರಿಸುವ ದಾರಿಯಲ್ಲ, ದಂಡ ತಪ್ಪಿಸಿಕೊಳ್ಳುವ ದಾರಿ ಮಾತ್ರ. ಬಾಕಿ ತಿಂಗಳು ತಿಂಗಳು ಕುಂದುವುದರಿಂದ ಕನಿಷ್ಠ ಮೊತ್ತವೂ ಕುಂದುತ್ತದೆ. ಅದು ಕುಂದಿತೆಂದು ನೀವೂ ಕಡಿಮೆ ಕಟ್ಟಬೇಡಿ. ಮೊದಲ ತಿಂಗಳು ಕಟ್ಟಿದ ಮೊತ್ತವನ್ನೇ ಕೊನೆಯ ತನಕ ಹಿಡಿದುಕೊಳ್ಳಿ.

ಇಷ್ಟು ಬಡ್ಡಿ ನ್ಯಾಯವೇ ಎಂದು ನೀವು ಕೇಳಬಹುದು. ವರ್ಷಕ್ಕೆ ನೂರಕ್ಕೆ ನಲವತ್ತೆರಡು! ನಮ್ಮ ಧರ್ಮಶಾಸ್ತ್ರಕಾರರು ಇದಕ್ಕೊಂದು ಕಟ್ಟು ಹಾಕಿದ್ದರು: ಒಮ್ಮೆಗೆ ವಸೂಲು ಮಾಡತಕ್ಕ ಬಡ್ಡಿ ಅಸಲನ್ನು ಮೀರಕೂಡದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಈ ನಿಯಮವುಂಟು. ದಾಮದುಪ್ಪಟ್ ಎಂಬ ಹೆಸರಿನಲ್ಲಿ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ಇದನ್ನು ಅನುಸರಿಸಿದವು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. ಇಂದಿನ ಬ್ಯಾಂಕಿನ ಮುಂದೆ ಆ ಮಾತು ನಡೆಯದು. ಬಡ್ಡಿ ಹೆಚ್ಚಾಯಿತೆಂಬ ಒಂದೇ ಕಾರಣಕ್ಕೆ ಬ್ಯಾಂಕಿನ ಲೆಕ್ಕವನ್ನು ನ್ಯಾಯಾಲಯ ತೆರೆದು ನೋಡಕೂಡದೆಂದು ಬ್ಯಾಂಕಿಂಗ್ ಕಾಯಿದೆಗೆ 1984ರಲ್ಲಿ ಒಂದು ಕಲಮು ಸೇರಿತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ನೂರಕ್ಕೆ 30ಕ್ಕಿಂತ ಹೆಚ್ಚಿನ ಕಾರ್ಡುಬಡ್ಡಿ ಅನ್ಯಾಯವೆಂದು ತೀರ್ಪು ಕೊಟ್ಟಿತ್ತು. ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಆದಕಾರಣ ಬಡ್ಡಿಯ ದರದ ಮೇಲೆ ಸಿಟ್ಟಾಗಿ ಕೂರುವುದರಿಂದ ಪ್ರಯೋಜನವಿಲ್ಲ. ದುಬಾರಿ ಸಾಲವನ್ನು ಅಗ್ಗದ ಸಾಲದಿಂದ ತೀರಿಸುವ ಉಪಾಯವನ್ನು ನೋಡಬೇಕು.

ಅದಕ್ಕೆ ಮೊದಲು ಕಾರ್ಡಿನ ಉಪಯೋಗವನ್ನು ನಿಲ್ಲಿಸತಕ್ಕದ್ದು. ಫೋನಿನಲ್ಲಿ, ಅಂಗಡಿಗಳ ತಾಣಗಳಲ್ಲಿ ಉಳಿಸಿಟ್ಟ ಕಾರ್ಡಿನ ಸಂಖ್ಯೆಯನ್ನು ಅಳಿಸಿಹಾಕಿ. ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ಚಂದಾಗಳನ್ನು ರದ್ದುಮಾಡಿ. ಆಮೇಲೆ ಮನೆಯವರೆಲ್ಲ ಕುಳಿತು ಬರುವ ಹಣವನ್ನು ಬರೆಯಿರಿ. ಅದರಲ್ಲಿ ಮೊದಲ ಪಾಲು ಅನ್ನಕ್ಕೆ, ಔಷಧಕ್ಕೆ, ಬಾಡಿಗೆಗೆ, ದೀಪ ನೀರಿಗೆ, ಮಕ್ಕಳ ಶಾಲೆಗೆ. ಎರಡನೆಯ ಪಾಲು ಮನೆ, ಚಿನ್ನ, ವಾಹನ ಒತ್ತೆಯಿಟ್ಟ ಸಾಲಗಳಿಗೆ. ಅವು ತಪ್ಪಿದರೆ ವಸ್ತುವೇ ಕೈಬಿಡುತ್ತದೆ. ಕಾರ್ಡಿನ ಸಾಲಕ್ಕೆ ಒತ್ತೆಯಿಲ್ಲ, ಅದು ಮೂರನೆಯದು. ಗಟ್ಟಿಯಾಗಿ ಕೂಗುವವನಿಗೆ ಮೊದಲು ಕೊಡುವುದು ಮನುಷ್ಯಸ್ವಭಾವ. ಫೋನಿನ ಕಾಟ ತಾಳಲಾರದೆ ಮನೆಸಾಲದ ಕಂತನ್ನು ತಪ್ಪಿಸಿ ಕಾರ್ಡಿಗೆ ಕಟ್ಟಿದವರನ್ನು ನಾನು ಬಲ್ಲೆ. ಹಾಗೆ ಮಾಡಬೇಡಿ. ಎರಡು ಮೂರು ಕಾರ್ಡುಗಳಿದ್ದರೆ ಎಲ್ಲಕ್ಕೂ ಕನಿಷ್ಠ ಮೊತ್ತವನ್ನು ಕೊಟ್ಟು, ಮಿಕ್ಕದ್ದನ್ನು ಹೆಚ್ಚು ಬಡ್ಡಿಯ ಒಂದೇ ಕಾರ್ಡಿಗೆ ಸುರಿಯಿರಿ. ಒಂದು ಕಾರ್ಡಿನಿಂದ ತೆಗೆದು ಇನ್ನೊಂದಕ್ಕೆ ಕಟ್ಟುವುದು ಬೇಡ. ಫೋನಿನಲ್ಲೇ ಐದು ನಿಮಿಷದಲ್ಲಿ ಸಾಲ ಕೊಡುವ ಹೆಸರಿಲ್ಲದ ಆ್ಯಪುಗಳ ಬಾಗಿಲಿಗಂತೂ ಹೋಗಲೇಬೇಡಿ.

ನನ್ನ ಶಿಷ್ಯರಿಗೆ ನಾನು ಹೇಳಿದ ಮೊದಲ ಮಾತು ಬಡ್ಡಿಯ ವಿಷಯವಾಗಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳು ಎಂಬುದಾಗಿತ್ತು. ಅವರು ಎರಡು ವಾರ ಹೇಳಲಿಲ್ಲ. ಹೇಳಿದ ದಿನ ಆಕೆ ಅತ್ತದ್ದು ಸಾಲಕ್ಕಲ್ಲ, ಹತ್ತು ತಿಂಗಳು ಮುಚ್ಚಿಟ್ಟದ್ದಕ್ಕೆ. ಮರುದಿನ ಆಕೆಯೇ ತನ್ನ ಎರಡು ಬಳೆಗಳನ್ನು ಮುಂದಿಟ್ಟರು. ಹೆಂಗಸಿನ ಬಳೆಯನ್ನು ಗಿರವಿಯಿಡುವ ಸಲಹೆ ನನ್ನ ಬಾಯಿಂದ ಬರುವಂಥದಲ್ಲ. ಆಕೆಯೇ ಲೆಕ್ಕ ಹಾಕಿ ನಿರ್ಧರಿಸಿದ್ದು. ಸಹಕಾರಿ ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ 12ರಂತೆ 60,000 ದೊರೆಯಿತು. ಕಾರ್ಡಿನ ಬಾಕಿ ಒಂದೇ ದಿನದಲ್ಲಿ ತೀರಿತು. ತಿಂಗಳಿಗೆ 2,478 ಇದ್ದ ಬಡ್ಡಿ ಮತ್ತು ತೆರಿಗೆಯ ಭಾರ 600ಕ್ಕೆ ಇಳಿಯಿತು. ತಿಂಗಳಿಗೆ 5,000ದಂತೆ ಕಟ್ಟಿ ಹದಿಮೂರನೆಯ ತಿಂಗಳಲ್ಲಿ ಬಳೆಗಳನ್ನು ಬಿಡಿಸಿಕೊಂಡರು. ಬಡ್ಡಿ ಒಟ್ಟು 4,200ರಷ್ಟಾಯಿತು. ಐದು ಸಾವಿರ ಎಲ್ಲಿಂದ ಬಂತೆಂದರೆ, ಮನೆಪಾಠದ ಜೊತೆಗೆ ಆಕೆ ಹಪ್ಪಳ ಸಂಡಿಗೆ ಮಾಡಿ ಮಾರಲು ತೊಡಗಿದ್ದರು. ಕಷ್ಟ ಇಬ್ಬರಿಗೂ ತಿಳಿದಿದ್ದರಿಂದ ಆದ ಅನುಕೂಲ ಇದು.

ಈ ಮಾರ್ಗದಲ್ಲಿ ಅಪಾಯವೂ ಇಲ್ಲದಿಲ್ಲ. ಚಿನ್ನದ ಸಾಲವನ್ನು ಕಟ್ಟದಿದ್ದರೆ ಚಿನ್ನ ಹರಾಜಾಗುತ್ತದೆ. ಬರುವ ಹಣ ಯಾವುದೆಂದು ಗೊತ್ತಿಲ್ಲದವರು ಇದ್ದ ಒಡವೆಯನ್ನೂ ಕಳೆದುಕೊಂಡಾರು. ಇನ್ನೊಂದು ಅಪಾಯವೆಂದರೆ, ಬಾಕಿ ತೀರಿದ ಕಾರ್ಡು ಮತ್ತೆ ಬರಿದಾಗಿ ಕೈಯಲ್ಲಿ ಕುಳಿತಿರುತ್ತದೆ. ಅದನ್ನು ಮತ್ತೆ ತುಂಬಿಸಿದರೆ ಒಂದು ಸಾಲವಿದ್ದಲ್ಲಿ ಎರಡಾಗುತ್ತದೆ.

ಒಡವೆಯಿಲ್ಲದವರು ಬ್ಯಾಂಕಿನವರನ್ನೇ ಕೇಳಬಹುದು. ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಾಗಿ ಮಾಡಿಕೊಡುವ ಏರ್ಪಾಡು ಬಹುತೇಕ ಎಲ್ಲ ಬ್ಯಾಂಕುಗಳಲ್ಲೂ ಉಂಟು. ಆದರೆ ತಪ್ಪಿಸಿದ ಮೇಲೆ ಕೇಳುವುದಕ್ಕಿಂತ ತಪ್ಪುವ ಮೊದಲು ಕೇಳಿದರೆ ಮಾತಿಗೆ ಬೆಲೆ ಹೆಚ್ಚು. ಕೆಲಸ ಹೋಯಿತು, ಇಂಥ ದಿನದಿಂದ ಇಷ್ಟು ಕಟ್ಟಬಲ್ಲೆ ಎಂದು ಸ್ಪಷ್ಟವಾಗಿ ಬರೆದು ಕಳಿಸಿ, ಬಾಯಿಮಾತು ಸಾಲದು. ಕಟ್ಟಲಾರದ ಮೊತ್ತಕ್ಕೆ ಮುಲಾಜಿನಿಂದ ಒಪ್ಪಿಕೊಳ್ಳಬೇಡಿ. ಸಂಬಳ ಬರುವ ದಿನಕ್ಕೂ ಗಡುವಿಗೂ ಹೊಂದಿಕೆಯಿಲ್ಲದಿದ್ದರೆ ಲೆಕ್ಕದ ಅವಧಿಯನ್ನು ಬದಲಾಯಿಸಿಕೊಡಲು ಕೇಳಿ. 2022ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶಗಳಲ್ಲಿ ಗ್ರಾಹಕನಿಗೆ ಆ ಅವಕಾಶವನ್ನು ಕೊಟ್ಟಿತು. ಗಡುವು ಮೀರಿ ಮೂರು ದಿನಗಳು ಕಳೆದ ಮೇಲಲ್ಲದೆ ತಡದ ಶುಲ್ಕ ಹಾಕಕೂಡದು, ಕಟ್ಟದೆ ಉಳಿದ ಶುಲ್ಕ ತೆರಿಗೆಗಳನ್ನು ಅಸಲಿಗೆ ಸೇರಿಸಿ ಅವುಗಳ ಮೇಲೆ ಬಡ್ಡಿ ಎಣಿಸಕೂಡದು ಎಂಬುವೂ ಅವೇ ನಿರ್ದೇಶಗಳಲ್ಲಿ ಬಂದವು. ನಿಮ್ಮ ಪಟ್ಟಿಯನ್ನು ಈ ಕಣ್ಣಿನಿಂದ ಒಮ್ಮೆ ಓದಿ ನೋಡಿ.

ಇನ್ನೊಂದು ಎಚ್ಚರಿಕೆ. ಉಳಿತಾಯದ ಖಾತೆ ಮತ್ತು ಕಾರ್ಡು ಒಂದೇ ಬ್ಯಾಂಕಿನವಾಗಿದ್ದರೆ, ಬಾಕಿಗೆ ಪ್ರತಿಯಾಗಿ ಖಾತೆಯ ಹಣವನ್ನು ಹಿಡಿದುಕೊಳ್ಳುವ ಷರತ್ತು ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುತ್ತದೆ. ಮನೆಖರ್ಚಿನ ಹಣವನ್ನು ಬೇರೆ ಬ್ಯಾಂಕಿನಲ್ಲಿ ಇಟ್ಟುಕೊಳ್ಳುವುದು ಮೋಸವಲ್ಲ, ವಿವೇಕ.

ಈಗ ಭಯದ ವಿಷಯ. ಫೋನು ಮಾಡುವವನು “ಪೊಲೀಸರನ್ನು ಕಳಿಸುತ್ತೇವೆ, ಜೈಲಿಗೆ ಹಾಕಿಸುತ್ತೇವೆ” ಎಂದಾನು. ಕೈಲಾಗದೆ ಸಾಲ ಕಟ್ಟದಿರುವುದು ನಮ್ಮ ದೇಶದಲ್ಲಿ ಅಪರಾಧವಲ್ಲ, ಸಿವಿಲ್ ವ್ಯಾಜ್ಯ. ಸುಳ್ಳು ದಾಖಲೆ ಕೊಟ್ಟು ಸಾಲ ಪಡೆದಿದ್ದರೆ ಮಾತು ಬೇರೆ. ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೂ ಬೇರೆ. ಆದ್ದರಿಂದ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬರೆದುಕೊಡಬೇಡಿ. ನ್ಯಾಯಾಲಯದ ಡಿಕ್ರಿಯಿಲ್ಲದೆ ಯಾರೂ ನಿಮ್ಮ ಮನೆಯ ಸಾಮಾನಿಗೆ ಕೈಹಾಕುವಂತಿಲ್ಲ. ಡಿಕ್ರಿಯಾದ ಮೇಲೂ ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ ಇವನ್ನು ಜಪ್ತಿ ಮಾಡಕೂಡದೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುತ್ತದೆ. ಲೋಕ ಅದಾಲತಿನ ನೋಟೀಸು ಬಂದರೆ ಬೆಚ್ಚಬೇಡಿ. ಅದು ರಾಜಿಗೆ ಕರೆ. ಹೋಗಿ ನಿಮ್ಮ ಸ್ಥಿತಿಯನ್ನು ಹೇಳಿ. ಆದರೆ ಅಲ್ಲಿ ಒಪ್ಪಿ ರುಜು ಹಾಕಿದ್ದು ಡಿಕ್ರಿಗೆ ಸಮಾನವೆಂಬುದನ್ನು ಮರೆಯಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಹರಿಗೆ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ.

ವಸೂಲಿಗಾರರು ಬೆಳಗಿನ 8 ಗಂಟೆಗೆ ಮೊದಲು, ಸಂಜೆಯ 7ರ ನಂತರ ಸಾಲಗಾರನಿಗೆ ಫೋನು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತು. ಬೈಗುಳ, ಬೆದರಿಕೆ, ನಾಲ್ಕು ಜನರ ಮುಂದೆ ಅವಮಾನ, ಬಂಧುಮಿತ್ರರಿಗೆ ಕಾಟ ಇವೂ ನಿಷಿದ್ಧ. ಅಂಥ ಕರೆ ಬಂದರೆ ದಿನ, ಹೊತ್ತು, ಸಂಖ್ಯೆ, ಆಡಿದ ಮಾತು ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮೊದಲು ಬ್ಯಾಂಕಿನ ದೂರು ಅಧಿಕಾರಿಗೆ ಬರೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಡ. ಹಾಗೆಂದು ಮರ್ಯಾದೆಯಿಂದ ಕೇಳುವವನ ಫೋನನ್ನು ತಪ್ಪಿಸಬೇಡಿ. ಅವನೂ ಹೊಟ್ಟೆಪಾಡಿಗೆ ದುಡಿಯುವವನು, ಬಹುಶಃ ಅವನ ಜೇಬಿನಲ್ಲೂ ಒಂದು ಕಾರ್ಡಿದ್ದೀತು.

ಕಟ್ಟಲು ಯಾವ ದಾರಿಯೂ ಇಲ್ಲದೆ ತಿಂಗಳುಗಳು ಉರುಳಿದ ಮೇಲೆ, ಬಾಕಿಯಲ್ಲಿ ಒಂದು ಭಾಗವನ್ನು ಒಮ್ಮೆಗೆ ಕೊಟ್ಟರೆ ಮಿಕ್ಕದ್ದನ್ನು ಬಿಡುತ್ತೇವೆಂದು ಬ್ಯಾಂಕೇ ಹೇಳಿಕಳಿಸುವುದುಂಟು. ಇದನ್ನು ಸೆಟಲ್‌ಮೆಂಟ್ ಎನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಸಾಲದ ಚರಿತ್ರೆಯನ್ನು ಬರೆದಿಡುವ ಸಂಸ್ಥೆಗಳ ಪುಸ್ತಕದಲ್ಲಿ ‘ತೀರಿತು’ ಎನ್ನುವ ಬದಲು ‘ರಾಜಿಯಾಯಿತು’ ಎಂಬ ಬರಹ ಬೀಳುತ್ತದೆ, ಅಂಕ ಇಳಿಯುತ್ತದೆ. ಮುಂದೆ ಮಗಳ ವಿದ್ಯಾಭ್ಯಾಸಕ್ಕೋ ಮನೆಗೋ ಸಾಲ ಕೇಳಿದಾಗ ಆ ಬರಹ ಎದುರಾಗುತ್ತದೆ. ಬೇರೆ ದಾರಿ ಇದ್ದರೆ ಪೂರ್ತಿ ತೀರಿಸುವುದೇ ಮೇಲು. ಇಲ್ಲದಿದ್ದರೆ ಇದೂ ಒಂದು ದಾರಿ, ಅದರಲ್ಲಿ ನಾಚಿಕೆಪಡತಕ್ಕದ್ದೇನಿಲ್ಲ. ಆದರೆ ಮೊತ್ತ, ದಿನಾಂಕ, ಕಾರ್ಡಿನ ಸಂಖ್ಯೆ ಇರುವ ಬ್ಯಾಂಕಿನ ಪತ್ರ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಡುವಾಗ ಕಾರ್ಡಿನ ಖಾತೆಗೇ ಕಟ್ಟಿ. ಬಂದವನ ಕೈಗಾಗಲಿ, ಅವನು ಹೇಳಿದ ಸ್ವಂತ ಸಂಖ್ಯೆಗಾಗಲಿ ಹಣ ಹಾಕಬೇಡಿ.

ಬಾಕಿ ತೀರಿದ ಮೇಲೆ ಇನ್ನು ಏನೂ ಬಾಕಿಯಿಲ್ಲವೆಂಬ ಪತ್ರವನ್ನು ಕೇಳಿ ಪಡೆಯಿರಿ. ಕಾರ್ಡು ಬೇಡವೆನಿಸಿದರೆ ಮುಚ್ಚಲು ಬರೆದುಕೊಡಿ. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ಬ್ಯಾಂಕು ಕೊಡಬೇಕೆಂಬ ನಿಯಮವೂ 2022ರ ನಿರ್ದೇಶಗಳಲ್ಲೇ ಬಂದದ್ದು. ಎರಡು ಮೂರು ತಿಂಗಳ ತರುವಾಯ ನಿಮ್ಮ ಸಾಲದ ಚರಿತ್ರೆಯ ಪ್ರತಿಯನ್ನು ತರಿಸಿ ನೋಡಿ. ವರ್ಷಕ್ಕೊಮ್ಮೆ ಅದು ಉಚಿತವಾಗಿ ದೊರೆಯುತ್ತದೆ. ನನ್ನ ಶಿಷ್ಯರ ಪ್ರತಿಯಲ್ಲಿ ತೀರಿದ ಸಾಲ ಇನ್ನೂ ಬಾಕಿಯೆಂದೇ ಇತ್ತು. ಆ ಪತ್ರವನ್ನು ಅವರ ಹೆಂಡತಿ ಬೀರುವಿನಲ್ಲಿ, ಬಳೆಗಳ ಪೆಟ್ಟಿಗೆಯ ಕೆಳಗೆ ಜೋಪಾನವಾಗಿ ಇಟ್ಟಿದ್ದರಿಂದ ಒಂದು ಅರ್ಜಿಯಲ್ಲಿ ತಪ್ಪು ತಿದ್ದಿಸಲಾಯಿತು.